ಪಾಲಿನ ಕೋಳಿ, ಬಿಳಿ ಮೊಟ್ಟೆ

ನಾನು ಒಂದು ಜವಾರಿ ಕೋಳಿ. ಹತ್ತಿ ಗಿರಣಿಯ ಹಿಂದಿನ ಚಾಳಿನಲ್ಲಿ, ಕೆಂಚವ್ವನ ಒಲೆಯ ಪಕ್ಕದ ಬುಟ್ಟಿಯೊಳಗೆ ಹುಟ್ಟಿದೆ. ಚಿಪ್ಪನ್ನು ಒಳಗಿನಿಂದ ಕುಟ್ಟಿ ಕುಟ್ಟಿ ಒಡೆದು, ಯಾರ ಸಹಾಯವೂ ಇಲ್ಲದೆ ಹೊರಬಂದೆ. ಈಗಲೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಆ ಚಿಪ್ಪು ಹಾಲು ಹೆಚ್ಚಾದ ಚಹಾದ ಬಣ್ಣದ್ದು. ನಮ್ಮ ಮನೆತನದಲ್ಲಿ ಎಲ್ಲರ ಮೊಟ್ಟೆಯೂ ಅದೇ ಬಣ್ಣ, ದೊಡ್ಡವಳಾದ ಮೇಲೆ ನನ್ನದೂ ಅದೇ ಆಯಿತು. ಮೊಟ್ಟೆ ಇಟ್ಟಾಗಲೆಲ್ಲ ಇಡೀ ಚಾಳಿಗೆ ಕೇಳುವಂತೆ ಕೂಗುತ್ತಿದ್ದೆ. "ಒಂದ ತತ್ತಿ ಇಟ್ಟು ಊರಿಗೆಲ್ಲಾ ಡಂಗುರಾ ಸಾರತೈತಿ ನೋಡು" ಎಂದು ಕೆಂಚವ್ವ ಬೈಯುತ್ತಲೇ ಬಂದು ಅದನ್ನು ಎತ್ತಿಕೊಳ್ಳುತ್ತಿದ್ದಳು.

ಕೆಂಚವ್ವ ಬೆಳಿಗ್ಗೆ ಗಿರಣಿಗೆ ಹೋದರೆ ಬರುವುದು ಸಂಜೆಗೆ. ಆ ಹೊತ್ತಿನಲ್ಲಿ ಬೆಕ್ಕು ಬಂದು ನನ್ನ ಮೊದಲ ಮರಿಗಳನ್ನೆಲ್ಲ ತಿಂದುಹಾಕಿತು. ಆಗ ಅವಳು ನನ್ನನ್ನು ಪಕ್ಕದ ಮನೆಯ ಹೊಳೆವ್ವನಿಗೆ ಪಾಲಿಗೆ ಕೊಟ್ಟಳು. ಕೋಳಿ ಒಬ್ಬರದು, ಸಾಕುವವರು ಇನ್ನೊಬ್ಬರು, ಮೊಟ್ಟೆ ಮರಿ ಇಬ್ಬರಿಗೂ ಸಮ. ನಮ್ಮ ಕಡೆ ಹೆಂಗಸರು ಹೀಗೆಯೇ ಕೋಳಿ ಸಾಕುತ್ತಾರೆ. ಅದಕ್ಕೆ ಸಾಕ್ಷಿ ಗೀಕ್ಷಿ ಏನೂ ಇರುವುದಿಲ್ಲ, ಬಾಯಿಮಾತಿನಲ್ಲೇ ಎಲ್ಲ ನಡೆಯುತ್ತದೆ.

ಹೊಳೆವ್ವ ಗಂಡ ಸತ್ತವಳು, ಮಕ್ಕಳಿಲ್ಲ. ಖಾನಾವಳಿಗೆ ರೊಟ್ಟಿ ಬಡಿದುಕೊಡುತ್ತಾ ದಿನವಿಡೀ ಮನೆಯಲ್ಲೇ ಇರುತ್ತಿದ್ದಳು. ಉದುರಿದ ಜೋಳದ ಹಿಟ್ಟು, ಕರಕಲು ರೊಟ್ಟಿಯ ಚೂರು ಎಲ್ಲವೂ ನನಗೇ. ಎರಡು ಮನೆಗಳ ಹಿತ್ತಲಿನ ನಡುವೆ ಒಂದು ಗೋಡೆ, ಅದರ ಬುಡದಲ್ಲಿ ನಾನು ನುಸುಳುವಷ್ಟು ಸಂದಿ. ಸಂಜೆಯಾದರೆ ಕೆಂಚವ್ವ ಇವಳ ಮನೆಗೆ ಬಂದು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತುಬಿಡುತ್ತಿದ್ದಳು. ಗಿರಣಿಯಲ್ಲಿ ಕೆಲಸ ಮಾಡಿಸುವ ಮುಕಾದಮನನ್ನು ಇಬ್ಬರೂ ಸೇರಿ ಬೈದ ಮೇಲೆಯೇ ಅವರಿಗೆ ಊಟ ರುಚಿಸುತ್ತಿತ್ತು. ಅವರ ನಗು ಕೇಳಿಕೊಂಡೇ ನಾನು ಬುಟ್ಟಿ ಸೇರುತ್ತಿದ್ದೆ. ನನ್ನ ಬಾಳಿನ ಒಳ್ಳೆಯ ದಿನಗಳೆಂದರೆ ಅವೇ.

ಆ ವರ್ಷ ಒಬ್ಬ ಬಣ್ಣ ಹಚ್ಚಿದ ಕೋಳಿಮರಿಗಳನ್ನು ಮಾರುತ್ತಾ ಚಾಳಿಗೆ ಬಂದ. ಫಾರಂನವರು ಬೇಡವೆಂದು ಬಿಡುವ ಹುಂಜದ ಮರಿಗಳನ್ನು ಗುಲಾಬಿ, ಹಸಿರು ಬಣ್ಣದಲ್ಲಿ ಅದ್ದಿ ಮಾರುತ್ತಾರೆ. ಹೊಳೆವ್ವ ಕನಿಕರಪಟ್ಟು ಒಂದು ಹಸಿರು ಮರಿಯನ್ನು ಕೊಂಡಳು. ಅದು ಹೇಗೋ ಬದುಕಿ, ಗರಿ ಬದಲಾಗಿ, ಅಚ್ಚ ಬಿಳಿ ಹುಂಜವಾಯಿತು. ಕಿವಿಯ ಹಾಲೆ ಕೂಡ ಸುಣ್ಣ ಬಳಿದಂತೆ ಬೆಳ್ಳಗೆ. ಅವನ ದನಿ ಕೇಳುವಂತಿರಲಿಲ್ಲ. ಆದರೆ ಆ ಹೊತ್ತಿಗೆ ಚಾಳಿನಲ್ಲಿ ಬೇರೆ ಹುಂಜ ಉಳಿದಿರಲಿಲ್ಲ, ನಾನೇನು ಮಾಡಲಿ?

ಮತ್ತೆ ಕಾವಿಗೆ ಕೂತೆ. ಆ ಸಲದ ಮರಿಗಳಲ್ಲಿ ಉಳಿದವು ಎರಡೇ. ಹುಂಜ ಕೆಂಚವ್ವನ ಪಾಲಿಗೆ ಹೋಯಿತು, ಹೇಂಟೆ ಹೊಳೆವ್ವನಿಗೆ ಬಂತು. ಆ ನನ್ನ ಮಗಳು ಮೈಯೆಲ್ಲ ಬಿಳಿ, ಅಲ್ಲಲ್ಲಿ ಕಂದು ಚುಕ್ಕೆ. "ಅಪ್ಪನ ಬಣ್ಣ ಬಂದೈತಿ" ಎಂದು ಎಲ್ಲರೂ ಅಂದರು. ಮೊಟ್ಟೆಯ ಬಣ್ಣವೂ ಅಪ್ಪನ ಕಡೆಯಿಂದ ಬರಬಹುದು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹುಂಜ ಮೊಟ್ಟೆ ಇಡುವುದಿಲ್ಲವಲ್ಲ!

ಅಷ್ಟರಲ್ಲಿ ಕೆಂಚವ್ವನ ಮಗಳು ಸಾವಂತ್ರಿ ಹೆರಿಗೆಗೆ ತವರಿಗೆ ಬಂದಳು. ಹೆರಿಗೆ ಕಷ್ಟವಾಗಿ ಹುಡುಗಿ ಹಾಸಿಗೆ ಹಿಡಿದಳು. ಜವಾರಿ ಮೊಟ್ಟೆ ತಿಂದರೇ ಮಗಳ ಮೈಯಲ್ಲಿ ರಕ್ತ ಕೂಡುತ್ತದೆ, ಫಾರಂ ಮೊಟ್ಟೆಯಲ್ಲಿ ಏನೂ ಇಲ್ಲ ಎಂದು ಕೆಂಚವ್ವ ನಂಬಿದ್ದಳು. ಹೊಳೆವ್ವ ತನ್ನ ಪಾಲಿನದನ್ನೂ ಸೇರಿಸಿ ಎಲ್ಲ ಮೊಟ್ಟೆಯನ್ನೂ ಬಾಣಂತಿಗೇ ಕೊಟ್ಟುಬರುತ್ತಿದ್ದಳು.

ನನ್ನ ಮಗಳು ಮೊದಲ ಮೊಟ್ಟೆ ಇಟ್ಟದ್ದು ಆಗಲೇ. ಬೇರೆ ಜಾಗ ಹುಡುಕದೆ ನನ್ನ ಬುಟ್ಟಿಯಲ್ಲೇ ಇಟ್ಟಳು. ಕೋಳಿಗಳ ಸ್ವಭಾವವೇ ಹಾಗೆ, ಮೊಟ್ಟೆ ಇರುವಲ್ಲೇ ಮೊಟ್ಟೆ ಇಡುತ್ತೇವೆ. ಇಟ್ಟವಳು ಕೂಗಲೂ ಇಲ್ಲ. ಅವಳ ಜುಟ್ಟು ಇನ್ನೂ ಸಣ್ಣದಿತ್ತು, ಇವಳು ಮೊಟ್ಟೆ ಇಡಲು ದೀಪಾವಳಿ ದಾಟಬೇಕು ಎಂದು ಹೊಳೆವ್ವ ಅಂದುಕೊಂಡಿದ್ದಳು. ಆ ಮೊಟ್ಟೆ ಬೆಳ್ಳಗಿತ್ತು. ಹೊಳೆವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಬಿಸಲಿಗೆ ಬಣ್ಣ ಬಿಟ್ಟೈತೇನೋ" ಎಂದು ನನ್ನ ಬೆನ್ನು ಸವರಿದಳು. ನಾನು ಕೂಗಿ ಕೂಗಿ ಹೇಳಿದೆ. ಕೋಳಿಯ ಕೂಗು ಯಾರಿಗೆ ಅರ್ಥವಾಗುತ್ತದೆ?

ಮೂರನೆಯ ಬಿಳಿ ಮೊಟ್ಟೆ ಕಂಡ ದಿನ ಕೆಂಚವ್ವ ಗೋಡೆಯ ಬಳಿ ಬಂದು ನಿಂತಳು.

"ಹೊಳೆವ್ವಾ, ಇವು ಅಂಗಡ್ಯಾಗಿನ ತತ್ತಿ ಅಲ್ಲೇನ?"

"ಇಲ್ಲ ಕೆಂಚಕ್ಕಾ, ಕೋಳಿನ ಇಟ್ಟೈತಿ. ನನ್ನ ಕೈಯಾರೆ ತಗದೇನಿ."

"ಒಂದ ಕೋಳಿ ಎರಡ ಬಣ್ಣದ್ದು ಇಡತೈತೇನ? ಜವಾರಿವು ಮಾರ್ಕೊಂಡು ನನ್ನ ಬಾಣಂತಿ ಮಗಳಿಗೆ ಫಾರಂ ತತ್ತಿ ಕೊಡ್ತಿ? ಮಕ್ಕಳನ್ನ ಹಡದಿದ್ರ ಗೊತ್ತಾಗ್ತಿತ್ತು ನಿನಗ!"

ಒಂದು ಕೋಳಿ ಎರಡು ಬಣ್ಣದ ಮೊಟ್ಟೆ ಇಡುವುದಿಲ್ಲ, ಅದು ನಿಜ. ಆದರೆ ಅಂಗಳದಲ್ಲಿ ಎರಡು ಕೋಳಿಗಳಿದ್ದವು. ಕೈಯಲ್ಲಿದ್ದ ಮೊಟ್ಟೆ ಅಂಗಡಿಯದಕ್ಕಿಂತ ಎಷ್ಟು ಸಣ್ಣದು ಎಂದಾದರೂ ಅವಳು ನೋಡಬಾರದಿತ್ತೆ? ಆ ಕೊನೆಯ ಮಾತು ಕೇಳಿ ಹೊಳೆವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ನನ್ನನ್ನೂ ಮಗಳನ್ನೂ ಎರಡು ಕಂಕುಳಲ್ಲಿ ಹಿಡಿದುಕೊಂಡು ಹೋಗಿ ಕೆಂಚವ್ವನ ಹೊಸ್ತಿಲ ಮುಂದೆ ಬಿಟ್ಟಳು. "ನನ್ನ ಪಾಲೂ ನಿನಗ ಇರ್ಲಿ" ಎಂದಷ್ಟೇ ಹೇಳಿ ಹಿಂದಿರುಗಿದಳು.

ವಾರ ಕಳೆದಿರಬೇಕು. ನನ್ನ ಮಗಳು ಕೆಂಚವ್ವನ ಕಣ್ಣೆದುರೇ ಬುಟ್ಟಿಯಿಂದ ಎದ್ದುಹೋದಳು. ಅವಳೆದ್ದ ಜಾಗದಲ್ಲಿ ಬಿಳಿ ಮೊಟ್ಟೆ ಇತ್ತು. ಕೆಂಚವ್ವ ಅದನ್ನು ಕೈಗೆತ್ತಿಕೊಂಡಳು, ಇನ್ನೂ ಬೆಚ್ಚಗಿತ್ತು. ಅವಳ ಮುಖ ನೋಡಿ ನನಗೆ ಖುಷಿಯೋ ಖುಷಿ. ಈಗ ಓಡಿಹೋಗಿ ಹೊಳೆವ್ವನ ಕೈ ಹಿಡಿಯುತ್ತಾಳೆ ಎಂದುಕೊಂಡೆ.

"ಯವ್ವಾ, ಹೋಗಿ ಒಂದ ಮಾತ ಹೇಳಿ ಬಾ," ಎಂದಳು ಸಾವಂತ್ರಿ ಹಾಸಿಗೆಯಿಂದ.

"ಯಾವ ಮಾರಿ ಇಟ್ಕೊಂಡು ಹೋಗ್ಲಿ? ಅನ್ನಬಾರದ್ದು ಅಂದೇನಿ," ಎಂದು ಕೆಂಚವ್ವ ಮೊಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮುಂದಿನ ಸಂತೆಯ ದಿನ ನನ್ನ ಮಗಳ ಕಾಲು ಕಟ್ಟಿ ಮಾರಿಬಂದಳು. ಬಿಳಿ ಮೊಟ್ಟೆ ಕಣ್ಣಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು. ಸತ್ಯ ಗೊತ್ತಾದರೆ ಸಾಕು, ಮುರಿದದ್ದು ತಾನೇ ಕೂಡುತ್ತದೆ ಎಂದು ನಂಬಿದ್ದ ನಾನು ಅಂದು ಮಗಳನ್ನೂ ಕಳೆದುಕೊಂಡೆ. ಬಹಳ ಅತ್ತೆ. ಮೊಟ್ಟೆ ಇಟ್ಟು ಕೂಗುತ್ತಿದೆ ಎಂದುಕೊಂಡಿತು ಚಾಳು.

ಸಾವಂತ್ರಿ ಚೇತರಿಸಿಕೊಂಡು ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋದಳು. ನನಗೂ ಈಗ ವಯಸ್ಸಾಗಿದೆ. ಮೊಟ್ಟೆಯ ಬಣ್ಣ ತಿಳಿಯಾಗುತ್ತಾ ಬಂದು, ಆಮೇಲೆ ಮೊಟ್ಟೆಯೇ ನಿಂತುಹೋಯಿತು. ಮೊಟ್ಟೆ ಇಡದ ಕೋಳಿಗೆ ಸಾರೇ ಗತಿ, ನನಗದು ಗೊತ್ತು. ಕೆಂಚವ್ವ ಯಾಕೋ ನನ್ನನ್ನು ಕೊಯ್ಯಲಿಲ್ಲ. ದಿನಾ ಮಧ್ಯಾಹ್ನ ಗೋಡೆಯ ಸಂದಿಯಿಂದ ನುಸುಳಿ ಹೊಳೆವ್ವನ ಹಿತ್ತಲಿಗೆ ಹೋಗುತ್ತೇನೆ. ಅವಳು ರೊಟ್ಟಿ ಚೂರು ಮಾಡಿ ಹಾಕುತ್ತಾಳೆ. "ನೀನರ ಬರ್ತಿ ನೋಡು," ಎನ್ನುತ್ತಾಳೆ.

ಸಂಜೆ ಗೋಡೆಯಾಚೆಯಿಂದ ಕೆಂಚವ್ವ "ಬಾ ಬಾ ಬಾ" ಎಂದು ಕರೆಯುತ್ತಾಳೆ. ಒಮ್ಮೆ ಕರೆದರೆ ಸಾಕು, ನನಗೆ ಕಿವಿ ಚೆನ್ನಾಗಿಯೇ ಇದೆ. ಅವಳು ಮಾತ್ರ ಗೋಡೆಗೆ ಕೈಯಿಟ್ಟು ನಿಂತು ಕರೆಯುತ್ತಲೇ ಇರುತ್ತಾಳೆ. ರೊಟ್ಟಿ ಬಡಿಯುತ್ತಿದ್ದ ಹೊಳೆವ್ವನ ಕೈ ಅಷ್ಟು ಹೊತ್ತು ನಿಂತಿರುತ್ತದೆ, ಆದರೆ ಅವಳು ಏಳುವುದಿಲ್ಲ. ಆ ಕರೆ ನನಗಲ್ಲ ಎಂದು ನಮ್ಮ ಮೂವರಿಗೂ ಗೊತ್ತು. ಹೋಗುವವಳು ಮಾತ್ರ ನಾನೊಬ್ಬಳೇ.