ಎಲ್ಲರೂ ಕೈ ಎತ್ತಿದ ಭಾನುವಾರ

ವರ್ನಾಗೆ ಆ ನೆಲ ಮಾರಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನವರ ಬಾಯಲ್ಲಿ ಈ ಕಥೆ ಕೇಳಿದರೆ ನನ್ನ ಹೆಸರು ಕೊನೆಗೆ ಬರುತ್ತದೆ, ಅದೂ 'ಪಾಪ, ಎವಾರಿಸ್ತೊ' ಎಂದು.

ಸಮುದ್ರದ ಕಡೆ ಮುಖ ಮಾಡಿದ ಕಲ್ಲುನೆಲ ಅದು. ಎಳ್ಳು ಬಿತ್ತಿದರೆ ಸುಟ್ಟುಹೋಗುತ್ತಿತ್ತು, ಮೇಕೆಗಳೂ ಅಲ್ಲಿ ನಿಲ್ಲುತ್ತಿರಲಿಲ್ಲ. ಕೆನಡಾದಲ್ಲಿ ಮೂವತ್ತು ವರ್ಷ ನರ್ಸಾಗಿ ದುಡಿದು, ಇದ್ದ ಮನೆ ಮಾರಿ ಬಂದಿದ್ದ ವರ್ನಾ ಅಲ್ಲಿ ನಿಂತು ಸಮುದ್ರ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. ಆ ಕಣ್ಣೀರು ಕಂಡ ಕೂಡಲೇ ನಾನು ಬೆಲೆ ದುಪ್ಪಟ್ಟು ಮಾಡಿದೆ.

ನಮ್ಮೂರು ಲಾ ಸಾಲಿನಿತಾದ ನೆಲವೆಲ್ಲ ಎಹಿದೊ ನೆಲ, ಅಂದರೆ ಊರೊಟ್ಟಿನದು. ಉಳುವವನು ನಾನಾದರೂ ಒಡೆಯ ಊರಿನ ಸಭೆ. ಸಭೆ ಒಪ್ಪದೆ ಹೊರಗಿನವರಿಗೆ ಹಿಡಿ ಮಣ್ಣನ್ನೂ ಕೊಡುವಂತಿಲ್ಲ. ಇದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು, ವರ್ನಾಗೆ ಮಾತ್ರ ಯಾರೂ ಹೇಳಲಿಲ್ಲ. ಸಭೆಯ ಅಧ್ಯಕ್ಷ ನಿಕಾನೊರ್ ಒಂದು ಮಾರಾಟದ ಹಾಳೆಯ ಮೇಲೆ ಮೂರು ಮೊಹರು ಗುದ್ದಿ ಕೊಟ್ಟ. ಅವಳು ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿದಳು.

ಅವಳು ಕಟ್ಟಿಸುತ್ತಿದ್ದ ಮನೆಯ ಗೋಡೆ ಎದೆಮಟ್ಟಕ್ಕೆ ಬಂದಾಗ ನನಗೇ ಹೆದರಿಕೆಯಾಯಿತು.

"ಸಭೆ ಕರೆದು ಒಪ್ಪಿಗೆ ಕೊಡಿಸ್ಬಿಡು ಮಾರಾಯ," ಎಂದೆ ನಿಕಾನೊರ್‌ಗೆ. "ನನ್ನ ತಲೆ ಮೇಲಿನ ಭಾರ ಇಳೀಲಿ."

"ಅವಸರ ಏನೋ? ತಾರಸಿ ಹಾಕ್ಲಿ," ಎಂದು ಅವನು ನಕ್ಕ.

ನಾನೂ ನಕ್ಕೆ. ಅವನ ಮಾತು ಅರ್ಥವಾಗಿರಲಿಲ್ಲ ಎಂದು ಈಗ ಹೇಳಿದರೆ ಅದು ಸುಳ್ಳು.

ತಾರಸಿ ಹಾಕಿದ ದಿನ ಮನೆಯವರು ಊಟ ಹಾಕುವುದು ವಾಡಿಕೆ, ಗಾರೆ ಕೆಲಸದವರಿಗೆ. ವರ್ನಾ ಇಡೀ ಊರನ್ನೇ ಕರೆದಳು. ಎರಡು ಹಂದಿ ಕಡಿಸಿದಳು. ನನ್ನ ಹೆಂಡತಿ ಚೋಲೆ ತನ್ನ ಎರಡು ಕಾಲ ಮೇಲೆ ನಡೆದು ಆ ಊಟಕ್ಕೆ ಹೋದಳು. ಅವಳಿಗೆ ಸಕ್ಕರೆ ಕಾಯಿಲೆ, ಎಡಗಾಲಿನ ಹುಣ್ಣು ಕೊಳೆತು ಕಾಲು ಕತ್ತರಿಸಬೇಕೆಂದು ಡಾಕ್ಟರು ಹೇಳಿದ್ದರು. ನಾಲ್ಕು ತಿಂಗಳು ದಿನಾ ನಮ್ಮ ಅಂಗಳಕ್ಕೆ ಬಂದು, ನೆಲದ ಮೇಲೆ ಕೂತು, ಆ ಕೀವು ತೊಳೆದು ಪಟ್ಟಿ ಕಟ್ಟಿದವಳು ವರ್ನಾ. ಊರು ಉಪಕಾರ ಅರಿಯದು ಅನ್ನುತ್ತಾರೆ. ಊರಿನ ಮಾತು ಬಿಡಿ, ನಾನೇ ಅರಿಯಲಿಲ್ಲ.

ಮನೆ ಮುಗಿದ ಮೇಲೆ ಕರೆಂಟಿನವರು ಆ ಚೌಕಟ್ಟಿನ ಹಾಳೆ ಸಾಲದೆಂದು ಅವಳ ಹತ್ತಿರ ಸಭೆಯ ಒಪ್ಪಿಗೆ ಪತ್ರ ಕೇಳಿದರು. ಅವಳು ನೇರವಾಗಿ ನಿಕಾನೊರ್ ಮನೆಗೇ ಹೋದಳು.

"ಅಯ್ಯೋ, ಅದಕ್ಕೇನಂತೆ ಅಮ್ಮಾವ್ರೆ! ಭಾನುವಾರವೇ ಸಭೆ ಸೇರಿಸ್ತೀನಿ," ಎಂದನಂತೆ.

ಶನಿವಾರ ಮಧ್ಯಾಹ್ನ ಅವನು ನಮ್ಮ ಅಂಗಳಕ್ಕೆ ಬಂದ. ಚೋಲೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಅವನು ಕೇಳದೆಯೇ ಒಂದು ರೊಟ್ಟಿ ತೆಗೆದುಕೊಂಡು, ಉಪ್ಪು ಉದುರಿಸಿ ಸುತ್ತಿಕೊಂಡ.

"ನಾಳೆ ನೀನೇ ಮೊದಲು ಕೈ ಎತ್ಬೇಕು. ಮಾರಾಟ ರದ್ದು ಮಾಡೋದಕ್ಕೆ."

"ಮೊಹರು ಹಾಕಿದವನು ನೀನಲ್ವೇನೋ!"

"ಯಾವ ಮೊಹರು? ಹಳೇ ಮೊಹರು ಕಳೆದುಹೋಗಿದೆ ಅಂತ ಹೋದ ವರ್ಷವೇ ಬರೆದುಕೊಟ್ಟಿದ್ದೀನಿ." ಅವನು ರೊಟ್ಟಿ ಕಚ್ಚಿದ. "ಒಪ್ಪಿಗೆ ಇಲ್ದೆ ಮಾರಿದವನು ನೀನು. ಸಭೆ ಮನಸ್ಸು ಮಾಡಿದ್ರೆ ನಿನ್ನ ಹೆಸರೇ ಉಳುವವರ ಪಟ್ಟಿಯಿಂದ ಹೋಗುತ್ತೆ. ಉಳಿದ ಹೊಲವೂ ಹೋಗುತ್ತೆ. ಮಾರಿದವನೇ ಕೈ ಎತ್ತಿದ್ರೆ ಮಿಕ್ಕವರಿಗೆ ನಾಚಿಕೆ ಇರಲ್ಲ ನೋಡು. ದುಡ್ಡು ನೀನೇ ಇಟ್ಕೋ."

"ಮನೆ?"

"ಮನೆ ಊರಿಂದು. ಸದ್ಯಕ್ಕೆ ನನ್ನ ಅಳಿಯ ನೋಡ್ಕೋತಾನೆ."

ಅವನು ಹೋದ ಮೇಲೆ ಚೋಲೆ ಒಂದೇ ಮಾತು ಹೇಳಿದಳು. "ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂತು. ನೀನು ದಾರಿ ತೋರಿಸೋಕೆ ಹೋಗ್ತೀಯಾ?"

ಹೋದೆ. ಹೊಲವಿಲ್ಲದೆ ನಾನು ಏನು ತಿನ್ನಲಿ, ಅವಳ ಮಾತನ್ನೇ?

ಸಭೆ ಶಾಲೆಯ ಅಂಗಳದಲ್ಲಿ ಸೇರಿತು. ವರ್ನಾ ಇಸ್ತ್ರಿ ಮಾಡಿದ ನೀಲಿ ಉಡುಪು ತೊಟ್ಟು, ದೊಡ್ಡ ತಟ್ಟೆಯ ತುಂಬ ತೆಂಗಿನಕಾಯಿ ಕೇಕ್ ಹೊತ್ತು ಬಂದಳು. ಅವಳಿಗೆ ಬರುತ್ತಿದ್ದ ನಮ್ಮ ಭಾಷೆ ಸಂತೆಯದು, ಗಾಯ ತೊಳೆಯುವಾಗಿನದು. ನಿಕಾನೊರ್ ಕಾಗದದ ಭಾಷೆಯಲ್ಲಿ ಗಡಗಡ ಓದಿದ. ಒಪ್ಪಿಗೆಯಿಲ್ಲದ ಮಾರಾಟ ರದ್ದು, ನೆಲವೂ ಅದರ ಮೇಲಿರುವುದೆಲ್ಲವೂ ಊರಿಗೆ ವಾಪಸ್ಸು, ಒಪ್ಪುವವರು ಕೈ ಎತ್ತಬೇಕು. ಅವಳಿಗೆ ತಿಳಿದದ್ದು ತನ್ನ ಹೆಸರು ಮತ್ತು ಕೊನೆಯ ಆ ಒಂದು ಮಾತು.

ನಾನು ಕೈ ಎತ್ತಿದೆ. ನನ್ನ ಹಿಂದೆ ನಲವತ್ತೊಂದು ಕೈಗಳು ಎದ್ದವು.

ವರ್ನಾ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅತ್ತಳು. ಆಮೇಲೆ ಓಡಿ ಬಂದು ನನ್ನನ್ನು ತಬ್ಬಿಕೊಂಡಳು, ಆಮೇಲೆ ಪಕ್ಕದವನನ್ನು, ಹೀಗೇ ಸಾಲಾಗಿ. ಧನ್ಯವಾದ, ಧನ್ಯವಾದ ಎನ್ನುತ್ತ ಒಬ್ಬೊಬ್ಬರ ಕೈಗೂ ಕೇಕ್ ಕೊಟ್ಟಳು.

"ಪಾಪ, ಯಾರಾದ್ರೂ ಹೇಳ್ರೋ," ಎಂದ ಹಿಂದಿನಿಂದ ಒಬ್ಬ.

"ಕೇಕ್ ಮುಗೀಲಿ ತಡಿ," ಎಂದ ಇನ್ನೊಬ್ಬ. ಜನ ನಕ್ಕರು. ಅವಳೂ ಅವರ ಜೊತೆ ನಕ್ಕಳು.

ನಿಕಾನೊರ್ ನನ್ನ ಕಿವಿಯಲ್ಲಿ, "ಅವಳ ನೆರೆಯವನು ನೀನು, ನೀನೇ ಹೇಳು. ಬುಧವಾರ ಬೀಗ ಹಾಕ್ತೀವಿ," ಎಂದ.

ಖಾಲಿ ತಟ್ಟೆ ಹಿಡಿದುಕೊಂಡು ಅವಳ ಜೊತೆ ನಡೆದೆ. ದಾರಿಯುದ್ದಕ್ಕೂ ಅವಳದೇ ಮಾತು. "ಲೈಟು ಮೊದಲು ಮೆಟ್ಟಿಲಿಗೆ. ಚೋಲೆ ಬರ್ತಾಳೆ, ಕಾಲು ಜಾರಬಾರದು." ನಾನು ಹೂಂ ಎಂದೆ. ಗೇಟಿನ ಹತ್ತಿರ, ಇನ್ನು ಮುಂದಕ್ಕೆ ಹೋಗಲು ಜಾಗವಿಲ್ಲದಾಗ, ಹೇಳಿದೆ. ಸಣ್ಣ ಸಣ್ಣ ಮಾತಿನಲ್ಲಿ ಹೇಳಿದೆ. ಮನೆ ನಿಮ್ಮದಲ್ಲ. ಬುಧವಾರ ಹೋಗಬೇಕು. ಕೈ ಎತ್ತಿದ್ದು ಅದಕ್ಕೆ.

ಅವಳು ಎರಡು ಸಲ ಹೇಳಿಸಿದಳು. ಅಳಲಿಲ್ಲ. ಚೀರಿದ್ದರೆ, ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನನ್ನ ಬಲಗೈಯನ್ನೇ ನೋಡುತ್ತ ನಿಂತಳು.

"ಮೊದಲ ಕೈ ನಿಂದು," ಎಂದಳು. "ನಾನು ನೋಡಿದೆ. ಅದಕ್ಕೇ ನಿನ್ನ ಮೊದಲು ತಬ್ಬಿದೆ."

ತಟ್ಟೆಯನ್ನು ನನ್ನಿಂದ ಕಿತ್ತುಕೊಂಡು ಕಲ್ಲಿನ ಮೇಲೆ ಇಟ್ಟಳು. ಆಮೇಲೆ ನನ್ನೆದುರಿಗೇ ತನ್ನ ನೀಲಿ ಉಡುಪಿನ ಎದೆಯನ್ನು, ತೋಳುಗಳನ್ನು ಅಂಗೈಯಿಂದ ಒರೆಸಿಕೊಂಡಳು. ಹುಣ್ಣು ತೊಳೆದ ಮೇಲೆ ಕೂಡ ಅವಳು ಹಾಗೆ ಒರೆಸಿಕೊಂಡಿರಲಿಲ್ಲ.