ಭರಣಿಯೊಳಗಿನ ನೂರ ಎಂಬತ್ತೊಂಬತ್ತು

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಎಮಿಲ್ ಹ್ರೋವಾಟ್ ತನ್ನ ಚೀಟಿಯನ್ನು ಭರಣಿಗೆ ಹಾಕಿದ. ಮೂರೂಕಾಲಿಗೆ ಅದನ್ನು ವಾಪಸು ಕೇಳಿದ.

"ಆಗಲ್ಲ," ಎಂದಳು ರೊಸಾಲಿ, ಗ್ಲಾಸು ಒರೆಸುತ್ತ.

"ಒಂದೇ ಒಂದು ಸಾಲು ತಿದ್ದಬೇಕಿತ್ತು."

"ಹಾಕಿದ್ದು ಹಾಕಿದ್ದೇ. ಈ ನಿಯಮ ಮಾಡಿದ್ದು ಯಾರಪ್ಪ?"

ಮಾಡಿದ್ದು ಎಮಿಲನೇ. ಎಂಟು ವರ್ಷದ ಹಿಂದೆ ಆರ್ವಿಲ್ ಯಾವುದೋ ಗಾಳಿಸುದ್ದಿ ಕೇಳಿ ತನ್ನ ಚೀಟಿ ಬದಲಿಸಲು ಹೋದಾಗ, ಎಮಿಲ್ ಎದ್ದು ನಿಂತು ಮನುಷ್ಯನ ನಡತೆ ಹಾಳಾಗುವುದು ಎಲ್ಲಿಂದ ಶುರುವಾಗುತ್ತದೆ ಎಂಬುದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದ. ಆಮೇಲೆ ದಪ್ಪ ಅಕ್ಷರದಲ್ಲಿ ಒಂದು ರಟ್ಟು ಬರೆದು ಗಲ್ಲಾಪೆಟ್ಟಿಗೆಯ ಮೇಲೆ ತಾನೇ ಮೊಳೆ ಹೊಡೆದು ತೂಗುಹಾಕಿದ್ದ: "ಹಾಕಿದ್ದು ಹಾಕಿದ್ದೇ." ಈಗ ಅದರ ಕೆಳಗೇ ನಿಂತು ಬೇಡುತ್ತಿದ್ದ.

ನಮ್ಮದು ಸರೋವರದ ದಂಡೆಯ ಊರು. ಪೈಪು ಕಾರ್ಖಾನೆ ಮುಕ್ಕಾಲು ಪಾಲು ಮುಚ್ಚಿದೆ, ಬೌಲಿಂಗ್ ಹಾಲ್ ಪೂರ್ತಿ ತೆರೆದಿದೆ. ಅದರ ಬಾರಿನಲ್ಲಿ ಎಮಿಲ್, ಆರ್ವಿಲ್, ಬಾರು ನಡೆಸುವ ರೊಸಾಲಿ ಮತ್ತು ನಾನು, ಹೀಗೆ ನಾಲ್ಕು ಜನ ಪ್ರತಿ ಏಪ್ರಿಲ್‌ನಲ್ಲಿ ಈ ಆಟ ಆಡುತ್ತೇವೆ. ಅಮೆರಿಕನ್ ಫುಟ್‌ಬಾಲ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟು ಮೂರು ದಿನ, ಏಳು ಸುತ್ತು. ಅದರ ಮೊದಲ ಸುತ್ತಿನಲ್ಲಿ ಮೂವತ್ತೆರಡು ತಂಡಗಳು ಕಾಲೇಜಿನ ಯಾವ ಯಾವ ಹುಡುಗನನ್ನು ಆರಿಸಿಕೊಳ್ಳುತ್ತವೆ ಎಂದು ಮೊದಲೇ ಬರೆದು, ಸೌತೆಕಾಯಿ ಉಪ್ಪಿನಕಾಯಿಯ ಖಾಲಿ ಭರಣಿಗೆ ಹಾಕುವುದು. ಗುರುವಾರ ಸಂಜೆ ಡ್ರಾಫ್ಟ್ ಶುರುವಾಗುವ ಮೊದಲು ರೊಸಾಲಿ ಚೀಟಿಗಳನ್ನು ತೆಗೆದು ಗೋಡೆಗೆ ಅಂಟಿಸುತ್ತಾಳೆ. ಗೆದ್ದವರಿಗೆ ಇಡೀ ಆಟದ ಋತು ಟಿವಿಯ ನೇರ ಎದುರಿನ ಕುರ್ಚಿ. ಅಲ್ಲಾಡದೆ ನಿಲ್ಲುವ ಕುರ್ಚಿ ಅಲ್ಲಿರುವುದು ಅದೊಂದೇ. ಕಳೆದ ಒಂಬತ್ತು ವರ್ಷಗಳಲ್ಲಿ ಏಳು ಸಲ ಎಮಿಲ್ ಅದರ ಮೇಲೆ ಕೂತಿದ್ದಾನೆ. ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಪೈಪು ಅಳೆದು ಪಾಸು ಮಾಡುವ, ಹೆಚ್ಚಾಗಿ ಪಾಸು ಮಾಡದಿರುವ, ಕೆಲಸದಲ್ಲಿದ್ದವನು ಅವನು. ನಾನು ಊರಿನ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಬೇರೆಯವರ ತಪ್ಪು ಹುಡುಕಿ ಅನ್ನ ತಿಂದವರು ನಾವಿಬ್ಬರೂ, ಅದಕ್ಕೇ ಸ್ನೇಹ.

ಈ ವರ್ಷ ಒಂದು ಸಾಲು ಹೆಚ್ಚಿಗೆ ಸೇರಿತ್ತು. ಸೇರಿಸಿದವಳು ರೊಸಾಲಿ. ಮೊದಲ ಬಾರಿಗೆ ನಮ್ಮೂರಿನ ಹುಡುಗನೊಬ್ಬ, ನೆಸ್ಟರ್ ಕಿನ್ಯೋನೆಸ್, ಡ್ರಾಫ್ಟಿನಲ್ಲಿದ್ದ. ಆರೂವರೆ ಅಡಿ ಎತ್ತರ, ಬಾಗಿಲು ದಾಟುವಾಗ ತಲೆ ತಗ್ಗಿಸುವುದನ್ನು ಮೂರನೇ ಕ್ಲಾಸಿಗೇ ಕಲಿತವನು. ತಂಡದ ಮುಂದಿನ ಸಾಲಿನ ಅಂಚಿನಲ್ಲಿ ನಿಂತು, ನುಗ್ಗಿ ಬರುವವರು ಚೆಂಡೆಸೆಯುವ ತನ್ನ ಕ್ವಾರ್ಟರ್‌ಬ್ಯಾಕನ್ನು ಮುಟ್ಟದಂತೆ ತಡೆಯುವುದು ಅವನ ಕೆಲಸ. ಮೂವತ್ಮೂರನೇ ಸಾಲು ಇಷ್ಟೇ: "ನೆಸ್ಟರ್, ಎಷ್ಟನೇ ಆಯ್ಕೆ?" ಹುಡುಗ ಮತ್ತು ಅವನ ತಾಯಿ ಮಾರ್ಲೀನ್ ಗುರುವಾರ ಬೌಲಿಂಗ್ ಹಾಲ್‌ಗೇ ಬಂದು ನಮ್ಮ ಜೊತೆ ಟಿವಿ ನೋಡುವವರಿದ್ದರು.

ಮಾರ್ಲೀನ್ ಎಮಿಲನ ಮಗಳು. ನೆಸ್ಟರ್ ಎಮಿಲನ ಮೊಮ್ಮಗ.

ಅಂದು ಮಧ್ಯಾಹ್ನವೆಲ್ಲ ಜಗಳ ನಡೆದಿದ್ದದ್ದು ಮಾತ್ರ ನಮ್ಮ ತಂಡದ ಬಗ್ಗೆ. ಹಿಂದಿನ ವರ್ಷ ಚೆನ್ನಾಗಿ ಸೋತವರಿಗೆ ಮೊದಲ ಆಯ್ಕೆ, ಆದ್ದರಿಂದ ನಮಗೆ ಯಾವಾಗಲೂ ಒಳ್ಳೆಯ ಜಾಗವೇ ಸಿಗುತ್ತದೆ.

"ಕ್ವಾರ್ಟರ್‌ಬ್ಯಾಕ್!" ಎಂದು ಆರ್ವಿಲ್ ಮೇಜು ಗುದ್ದಿದ. ಅವನು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವನು. ಈಗಲೂ ಮೇಲಿನಿಂದ ಕೆಳಕ್ಕೆ ಕೂಗುವವನ ಹಾಗೆಯೇ ಮಾತಾಡುತ್ತಾನೆ. "ಆ ಹುಡುಗನ ಕೈ ನೋಡಿದ್ದೀಯೇನೋ ಲೈಲ್? ಚೆಂಡು ಎಸೆದ್ರೆ ಸರೋವರದ ಆಚೆ ದಡಕ್ಕೆ ಹೋಗಿ ಬೀಳತ್ತೆ."

"ಅಲ್ಲೇ ಬೀಳ್ತಿರೋದಲ್ವಾ ತೊಂದ್ರೆ," ಎಂದೆ. "ನಮ್ಮವರು ಈಚೆ ದಡದಲ್ಲಿ ನಿಂತಿರ್ತಾರೆ."

"ಹೋದ ಸಲಾನೂ ನೀನು ಹೀಗೇ ಹಲ್ಲು ಕಿರಿದೆ."

"ಹೋದ ಸಲ ತಗೊಂಡೋನು ಈಗ ಎಲ್ಲಿದ್ದಾನೆ, ಹೇಳು?"

"ಅವನಿಗೆ ಮೊಣಕಾಲು."

"ಎಲ್ರಿಗೂ ಇರತ್ತಲ್ಲೋ ಮೊಣಕಾಲು."

ರೊಸಾಲಿ ಮಧ್ಯೆ ಬಾಯಿ ಹಾಕಿದಳು. "ಎಸೆಯೋನನ್ನ ಎಷ್ಟು ಸಲ ತರ್ತೀರೋ? ಮುಂದೆ ನಿಂತು ಕಾಯೋರೇ ಇಲ್ಲದಿದ್ರೆ ಪಾಪದವನು ಮೂರನೇ ವಾರಕ್ಕೆ ಆಸ್ಪತ್ರೆ ಸೇರ್ತಾನೆ. ಕಾಯೋನನ್ನ ತನ್ನಿ. ನಮ್ಮ ನೆಸ್ಟರನ್ನೇ ತನ್ನಿ."

"ಅವನು ನಮ್ಮ ಸರದಿ ಬರೋತನಕ ಉಳಿದ್ರೆ ತಾನೆ!" ಎಂದ ಆರ್ವಿಲ್. "ಇಪ್ಪತ್ತೇಳು. ಬರೆದಿಟ್ಕೊಳ್ಳಿ. ಮೊದಲ ಸುತ್ತು, ಇಪ್ಪತ್ತೇಳು. ಏನಂತೀಯ ಎಮಿಲ್?"

ಹಿಂದಿನ ಲೇನಿನಲ್ಲಿ ಯಾರೋ ಚೆಂಡು ಉರುಳಿಸಿ ಹತ್ತೂ ಪಿನ್ನು ಬೀಳಿಸಿದರು. ಎಮಿಲ್ ಬೆಚ್ಚಿದ. ಐವತ್ತು ವರ್ಷದಿಂದ ಆ ಸದ್ದು ಕೇಳಿದವನು ಬೆಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವನು ಚೀಟಿ ಕೇಳಿ ಇಲ್ಲವೆನಿಸಿಕೊಂಡ ಮೇಲೆ ನಾವಿಬ್ಬರೂ ಹೊರಗೆ ಕಾರು ನಿಲ್ಲಿಸುವಲ್ಲಿ ನಿಂತೆವು. ಸರೋವರದ ಗಾಳಿ ಇನ್ನೂ ಕೊರೆಯುತ್ತಿತ್ತು. ಅವನು ಕಾರಿನ ಬೀಗ ಹಾಕಿದ, ತೆಗೆದ, ಹಾಕಿದ.

"ಎಷ್ಟು ಬರೆದಿದ್ದೀಯ?" ಎಂದೆ.

"ನೂರ ಎಂಬತ್ತೊಂಬತ್ತು."

ಅದು ಆರನೇ ಸುತ್ತು. ಶನಿವಾರ ಮಧ್ಯಾಹ್ನ, ಜನ ಹುಲ್ಲು ಕತ್ತರಿಸುವ ಹೊತ್ತಿನಲ್ಲಿ ಬರುವ ಸುತ್ತು.

"ಎಮಿಲ್!"

"ತೋಳು ಗಿಡ್ಡ ಕಣೋ. ಮೂವತ್ತೆರಡು ಇಂಚಿಗೂ ಒಂದು ಕೂದಲೆಳೆ ಕಮ್ಮಿ. ಅವರು ಅಳೆದದ್ದು ನಂಬದೆ ಅಡುಗೆಮನೆಯಲ್ಲಿ ನಾನೇ ಅಳೆದೆ. ಮೂರು ಸಲ. ಅಂಚಲ್ಲಿ ನಿಲ್ಲೋನಿಗೆ ಮೂವತ್ನಾಲ್ಕು ಬೇಕು." ಅವನು ತನ್ನ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. "ನನ್ನದೇ ತೋಳು. ಅವನ ಅಪ್ಪನ ಕಡೆಯೋರ ಕೈ ಮೊಣಕಾಲು ಮುಟ್ಟತ್ತೆ. ಇದು ನನ್ನಿಂದ ಬಂದದ್ದು."

ಹದಿನೈದು ವರ್ಷಗಳಲ್ಲಿ ಗಿಡ್ಡ ತೋಳಿನ ಅಂಚಿನವರು ಎಷ್ಟೆಷ್ಟನೇ ಆಯ್ಕೆಯಾದರು ಎಂದು ಅವನು ಒಂದು ನೋಟ್‌ಬುಕ್ಕಿನ ತುಂಬ ಬರೆದಿದ್ದ. ಅದರಿಂದ ಬಂದ ಸಂಖ್ಯೆ ಅದು.

"ಸುಳ್ಳು ಬರೀಬೇಕಿತ್ತು," ಎಂದೆ. "ನಾನು ನಲವತ್ತೈದು ಅಂತ ಬರೆದೆ. ನನಗೂ ಅಷ್ಟೇನೂ ನಂಬಿಕೆ ಇಲ್ಲ."

"ಪೆನ್ಸಿಲ್ ಹಿಡಿದಾಗ ನೆನಪಾಗ್ಲಿಲ್ಲ ಅವನು ಬರ್ತಾನೆ ಅಂತ. ಪೈಪು ನೋಡಿದ ಹಾಗೆ ನೋಡ್ಬಿಟ್ಟೆ." ಮತ್ತೆ ಬೀಗ ತೆಗೆದ. "ಎಲ್ಲ ಬಿಟ್ಟು ತಾತನೇ ನನ್ನ ನಂಬಲಿಲ್ಲ ಅಂದ್ಕೋತಾನೆ. ಇನ್ನು ಜೀವಮಾನದಲ್ಲಿ ನನ್ನ ಹತ್ರ ಏನೂ ಕೇಳಲ್ಲ."

ಸಂಜೆ ಅವನು ಮೊಮ್ಮಗನಿಗೆ ಫೋನು ಮಾಡಿ, ನಾಳೆ ಮೀನು ಹಿಡಿಯಲು ದೋಣಿ ತೆಗೆಯೋಣವೇ ಎಂದು ಕೇಳಿದನಂತೆ.

"ಗುರುವಾರಾನಾ ತಾತ?" ಎಂದನಂತೆ ಹುಡುಗ. "ಈ ಗುರುವಾರಾನಾ?"

ಗುರುವಾರ ಆರೂವರೆಗೆ ಬೌಲಿಂಗ್ ಹಾಲ್ ತುಂಬಿತ್ತು. ಕರಿದ ಮೀನಿನ ವಾಸನೆ, ಈರುಳ್ಳಿಯ ವಾಸನೆ, ತಂಡದ ಹಳೆಯ ಅಂಗಿಗಳ ವಾಸನೆ. ರೊಸಾಲಿ ಭರಣಿಯ ಮುಚ್ಚಳ ತಿರುಗಿಸಿದಳು. ಚೀಟಿ ಬಿಡಿಸುತ್ತ ನಾಲ್ಕನೆಯದಕ್ಕೆ ಬಂದಾಗ ಅವಳ ಕೈ ನಿಂತಿತು. ಎಮಿಲನ ಕಡೆ ನೋಡಿದಳು. ಆ ಕ್ಷಣದಲ್ಲಿ ಅವನು ತಲೆ ಅಲ್ಲಾಡಿಸಿದ್ದರೆ ಅವಳು ಅದನ್ನು ಅಂಗಿಯೊಳಗೆ ತುರುಕಿಕೊಂಡು, ಕಳೆದುಹೋಯಿತು ಎಂದು ಆಣೆ ಇಡುತ್ತಿದ್ದಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವನು ಗಲ್ಲಾಪೆಟ್ಟಿಗೆಯ ಮೇಲಿನ ರಟ್ಟನ್ನು ನೋಡಿದ. ಅವಳು ಚೀಟಿ ಅಂಟಿಸಿದಳು.

ನೆಸ್ಟರ್ ಬಂದವನೇ ಎಲ್ಲರ ಕೈ ಕುಲುಕಿ, ನಗುತ್ತ ಗೋಡೆಯ ಮುಂದೆ ಹೋಗಿ ನಿಂತ. ಓದುತ್ತ ಹೋದ. ಆರ್ವಿಲ್, ಇಪ್ಪತ್ತೇಳು. ನಾನು, ನಲವತ್ತೈದು. ರೊಸಾಲಿ, ಅರವತ್ತು. ಆಮೇಲೆ ಅವನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು, ಬಹಳ ದೊಡ್ಡ ಬೆನ್ನು. ಅದು ತಿರುಗಲು ತುಂಬ ಹೊತ್ತು ಹಿಡಿಯಿತು.

"ಅಪ್ಪ," ಎಂದಳು ಮಾರ್ಲೀನ್, ಮಗನ ಪಕ್ಕದಿಂದ ಇಣುಕಿ. "ಇದೇನಪ್ಪ ಇದು? ತಲೆ ಕೆಟ್ಟಿದೆಯಾ ನಿಂಗೆ? ಸ್ವಂತ ಮೊಮ್ಮಗ!"

"ಅಮ್ಮ, ಬಿಡು." ನೆಸ್ಟರ್ ಎಮಿಲನ ಮುಂದೆ ಬಂದ. "ತಾತ, ಹೋದ ವರ್ಷ ನಿಂದು ಎಷ್ಟು ಸರಿ ಬಂದಿತ್ತು?"

"ಹದಿನಾಲ್ಕು," ಎಂದ ಎಮಿಲ್ ಮೇಜು ನೋಡುತ್ತ.

"ಆರ್ವಿಲ್ ಮಾವ, ನಿಮ್ದು?"

"ಮೂರು," ಎಂದ ಆರ್ವಿಲ್. "ಆದ್ರೆ ಆ ಮೂರೂ ಮುಖ್ಯವಾದವು."

ಯಾರೂ ನಗಲಿಲ್ಲ. ಹುಡುಗ ತಟ್ಟೆ ಮುಟ್ಟದೆ, ಹತ್ತನೇ ಆಯ್ಕೆಯ ಹೊತ್ತಿಗೆ ಎದ್ದು ಹೋದ. ನಮ್ಮ ತಂಡ ಕ್ವಾರ್ಟರ್‌ಬ್ಯಾಕನ್ನು ತಗೊಂಡಿತು. ಆರ್ವಿಲ್ ಕುಣಿಯಲು ಎದ್ದು, ಎಮಿಲನ ಮುಖ ನೋಡಿ ಕೂತ. ಇಪ್ಪತ್ತೇಳು ಬಂತು, ಬೇರೆ ಯಾರದೋ ಹೆಸರು.

ಶುಕ್ರವಾರದ ಎರಡು ಸುತ್ತುಗಳಲ್ಲಿ ನಲವತ್ತೈದೂ ಹೋಯಿತು, ಅರವತ್ತೂ ಹೋಯಿತು. ಪ್ರೀತಿಯಿಂದ ಬರೆದ ಸಂಖ್ಯೆಗಳೆಲ್ಲ ಗೋಡೆಯ ಮೇಲೆ ಸುಳ್ಳಾಗಿ ಅಂಟಿಕೊಂಡಿದ್ದವು. ಪ್ರತಿ ಹೆಸರು ಬಂದಾಗಲೂ ಜನ ಮಾರ್ಲೀನ್ ಕಡೆ ತಿರುಗುವುದು, ಅವಳು ಫೋನಿನ ಕಡೆ ನೋಡುವುದು, ಕೊನೆಗೆ ಅವಳು ನಮ್ಮ ಮೇಲೇ ಹರಿಹಾಯ್ದಳು: "ಮೊದಲ ಸುತ್ತು, ಎರಡನೇ ಸುತ್ತು ಅಂತ ವಾರದಿಂದ ತಲೆ ತಿಂದ್ರಲ್ಲ, ಈಗ ಹೇಳಿ!" ನೆಸ್ಟರ್ ಬಂದಿರಲಿಲ್ಲ. ಎಲ್ಲಿದ್ದಾನೆ ಎಂದರೆ ಅವಳಿಗೂ ಗೊತ್ತಿರಲಿಲ್ಲ. ಎಮಿಲ್ ಎರಡು ಸಲ ದೋಣಿಕಟ್ಟೆಗೆ ಹೋಗಿಬಂದ. ದೋಣಿ ಅಲ್ಲಿರಲಿಲ್ಲ.

ಶನಿವಾರ ಹನ್ನೆರಡಕ್ಕೆ ಶುರು. ನಾವು ನಾಲ್ವರು, ಮಾರ್ಲೀನ್, ಲೇನುಗಳಲ್ಲಿ ಯಾರದೋ ಹುಟ್ಟುಹಬ್ಬ. ಎಮಿಲ್ ಗೆದ್ದವನ ಕುರ್ಚಿಯಲ್ಲಿ ಕೂರಲಿಲ್ಲ. ಕಿಟಕಿಗೆ ಹೋದ, ಬಂದ, ಅಲ್ಲಾಡುವ ಕುರ್ಚಿಯ ಕಾಲಿಗೆ ಕಾಗದ ಮಡಚಿ ಸಿಕ್ಕಿಸಿದ, ತೆಗೆದ. ನಾಲ್ಕನೇ ಸುತ್ತು, ಐದನೇ ಸುತ್ತು. ಮಗಳು ಅವನ ಜೊತೆ ಮಾತು ಬಿಟ್ಟು ಎರಡು ದಿನವಾಗಿತ್ತು.

ನೂರ ಎಪ್ಪತ್ತೆಂಟನೆಯ ಹೆಸರು ಓದುತ್ತಿದ್ದಾಗ ಬಾಗಿಲಲ್ಲಿ ತಲೆ ತಗ್ಗಿತು. ನೆಸ್ಟರ್. ಮೈಯೆಲ್ಲ ಮೀನಿನ ವಾಸನೆ. ಬಂದು ತಾತನ ಪಕ್ಕದ ಕುರ್ಚಿ ಎಳೆದು ಕೂತ. ಆರಿಸಿಕೊಳ್ಳುವ ತಂಡ ಮೊದಲು ಕರೆ ಮಾಡುವ ಫೋನನ್ನು ಮೇಜಿನ ಮೇಲಿಟ್ಟ.

"ಎಲ್ಲಿ ಹಾಳಾಗಿ ಹೋಗಿದ್ದೆಯೋ?" ಎಂದಳು ಮಾರ್ಲೀನ್.

"ನೂರ ಎಂಬತ್ತೊಂಬತ್ತಕ್ಕೆ ತಾನೆ ಇರೋದು. ಮೊದ್ಲೇ ಬಂದು ಏನ್ಮಾಡ್ಲಿ?" ಎಂದ. ತಾತನ ಕಡೆ ತಿರುಗಲಿಲ್ಲ. ಟಿವಿ ನೋಡುತ್ತಲೇ ಹೇಳಿದ: "ಗುರುವಾರ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ ತಾತ? ನಿನ್ನೆ ಬೆಳಿಗ್ಗೆ ನೀರ ಮೇಲೆ ಕೂತಾಗ ಅನ್ನಿಸ್ತು, ನನಗೆ ಗೊತ್ತಿದ್ದದ್ದನ್ನ ಬರೆದೋನು ನೀನೊಬ್ನೇ. ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು."

ಎಮಿಲ್ ಮೊಮ್ಮಗನ ಮುಂದೆ ಮೀನಿನ ತಟ್ಟೆ ಸರಿಸಿದ.

"ಅಯ್ಯೋ, ಮೀನು ಬೇಡ ತಾತ."

ನೂರ ಎಂಬತ್ತೊಂಬತ್ತು ಬಂತು. ಟಿವಿಯವನು ಯಾರೋ ಚೆಂಡು ಒದೆಯುವವನ ಹೆಸರು ಓದಿದ.

ಎಮಿಲ್ ಎದ್ದು ನಿಂತ. "ತಪ್ಪಾಯ್ತು," ಎಂದ. ಗುರುವಾರದಿಂದ ಆ ಸಂಖ್ಯೆ ಸುಳ್ಳಾಗಲಿ ಎಂದು ಬೇಡಿಕೊಂಡವನು, ಅದು ಸುಳ್ಳಾದಾಗ ನೆಲ ಸರಿದವನ ಹಾಗೆ ಮೇಜು ಹಿಡಿದ. ಹುಡುಗ ನಂಬಿ ಕೂತಿದ್ದ ನೆಲವೂ ಅದೇ ಆಗಿತ್ತಲ್ಲ.

"ಕೂತ್ಕೋ ತಾತ," ಎಂದ ನೆಸ್ಟರ್. ಅವನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ಗ್ಲಾಸುಗಳು ಗಲಗಲ ಎನ್ನುತ್ತಿದ್ದವು.

ನೂರ ತೊಂಬತ್ತು. ತೊಂಬತ್ತೊಂದು. ತೊಂಬತ್ಮೂರರಲ್ಲಿ ನಮ್ಮ ತಂಡ ಇನ್ನೊಬ್ಬ ಕ್ವಾರ್ಟರ್‌ಬ್ಯಾಕನ್ನು ತಗೊಂಡಿತು. ಆರ್ವಿಲ್ ಕೂಡ ತಲೆಗೆ ಕೈ ಹೊತ್ತ. ತೊಂಬತ್ತೈದು. ಫೋನು ಮೇಜಿನ ಮೇಲೆ ತೆವಳತೊಡಗಿತು.

ಆರ್ವಿಲ್ ಬಗ್ಗಿ ಫೋನಿನಲ್ಲಿ ಮೂಡಿದ ಊರಿನ ಕೋಡ್ ನೋಡಿದ. "ಇದು ರಾಜ್ಯದ ಗಡಿಯಾಚೆಯ ತಂಡದ್ದು! ಆ ಕಳ್ರದ್ದು! ಲೋ, ಎತ್ಬೇಡ!"

"ಆರ್ವಿಲ್, ಬಾಯಿ ಮುಚ್ಚು," ಎಂದಳು ರೊಸಾಲಿ.

"ಹೌದು ಸರ್," ಎಂದ ನೆಸ್ಟರ್. "ಹೌದು ಸರ್... ಇಲ್ಲ ಸರ್, ಯಾವತ್ತೂ ಆಡಿಲ್ಲ... ಕಲೀತೀನಿ ಸರ್." ಫೋನು ಇಟ್ಟ. ಟಿವಿಯಲ್ಲಿ ನೂರ ತೊಂಬತ್ತಾರನೆಯದಾಗಿ ಅವನ ಹೆಸರು ಬರಲು ಇನ್ನೂ ಒಂದು ನಿಮಿಷವಿತ್ತು. "ನನ್ನನ್ನ ಅಂಚಲ್ಲಿ ನಿಲ್ಲಿಸಲ್ವಂತೆ. ನಡುವೆ. ಚೆಂಡನ್ನ ಕಾಲ ಸಂದಿಯಿಂದ ಹಿಂದಕ್ಕೆ ಕೊಡೋ ಜಾಗ. ಅಲ್ಲಿ ತೋಳು ಇಷ್ಟಿದ್ರೂ ಸಾಕಂತೆ."

ಮಾರ್ಲೀನ್ ಅಳುತ್ತ, ಕೈಗೆ ಸಿಕ್ಕ ಒರೆಸುವ ಬಟ್ಟೆಯಲ್ಲಿ ಮೊದಲು ಅಪ್ಪನಿಗೆ ಎರಡು ಬಾರಿಸಿ, ಆಮೇಲೆ ಮಗನನ್ನು ತಬ್ಬಿಕೊಂಡಳು. ಆರ್ವಿಲ್ ತಾನು ತೊಟ್ಟ ನಮ್ಮ ತಂಡದ ಅಂಗಿಯನ್ನು ನೋಡಿಕೊಂಡು ಸಂಕಟಪಟ್ಟ. "ವರ್ಷಕ್ಕೆ ಎರಡು ದಿನ ಅವರು ನಮ್ಮ ಮೇಲೆ ಆಡ್ತಾರೆ," ಎಂದು ಕೊನೆಗೆ ತೀರ್ಮಾನಿಸಿದ. "ಆ ಎರಡು ದಿನ ನೀನು ಬಿದ್ದು ಹೋಗು. ಮಿಕ್ಕಿದ ದಿನ ನಿನಗೆ ಜೈ."

"ನಡುವೆ," ಎನ್ನುತ್ತಿದ್ದ ಎಮಿಲ್, ತನಗೆ ತಾನೇ. "ಹದಿನೈದು ವರ್ಷದ ಲೆಕ್ಕದಲ್ಲಿ ನಾನು ನಡುವಿನವರನ್ನ ನೋಡ್ಲೇ ಇಲ್ಲ."

ರೊಸಾಲಿ ಗೋಡೆಯಿಂದ ಚೀಟಿಗಳನ್ನು ಕೀಳಲು ಹೋದಳು. ನೆಸ್ಟರ್ ಅವಳಿಗಿಂತ ಮೊದಲು ಕೈ ಹಾಕಿ ನಾಲ್ಕನೆಯದನ್ನು ಬಿಡಿಸಿಕೊಂಡ. ಆ ಕೆಲಸಕ್ಕೆ ಅವನ ತೋಳು ಸಾಕಷ್ಟು ಉದ್ದವಿತ್ತು.

"ಇದು ನನಗಿರ್ಲಿ."

"ಕೊಡಿಲ್ಲಿ," ಎಂದ ಎಮಿಲ್, ಕಿವಿಯ ಮೇಲಿನ ಪೆನ್ಸಿಲ್ ತೆಗೆದು. "ನಿನ್ನ ಸಾಲು ಏಳರಷ್ಟು ತಪ್ಪಿದೆ ಅದರಲ್ಲಿ. ತಿದ್ದಿ ಕೊಡ್ತೀನಿ."

"ಆಗಲ್ಲ ತಾತ," ಎಂದು ಹುಡುಗ ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಗಲ್ಲಾಪೆಟ್ಟಿಗೆಯ ಮೇಲಿನ ರಟ್ಟಿನ ಕಡೆ ಗದ್ದ ಎತ್ತಿ ತೋರಿಸಿದ.