ಮೂರು ತಾಸಿನ ಹಾದಿ

ಗಂಡನ ಮಣ್ಣಿಗೆ ಬಂದ ಬೀಗರೆಲ್ಲ ಹೋದ ಮೇಲಿನ ಮೊದಲ ಬೆಳಗು. ಹಾಲಿನವನು ಬಂದ. ನಳ ಬಂತು. ಕೊಡ ತುಂಬಿಸಿದೆ. ಅತ್ತೆ ಸಿದ್ದವ್ವ ಕಟ್ಟೆಯ ಮೇಲೆ ಕೂತಿದ್ದರು. ಚಹಾ ಕೊಟ್ಟರೆ ಕೈ ಚಾಚಲಿಲ್ಲ.

“ಗುವಾಹಟಿಯಿಂದ ಬೆಂಗಳೂರಿಗೆ ವಿಮಾನದಾಗ ಎಷ್ಟೊತ್ತವಾ?”

“ಮೂರು ತಾಸು ಚಿಲ್ಲರೆ, ಅತ್ತಿ.”

“ಮೂರೇ ತಾಸು! ಮತ್ತ ನನ್ನ ಮಗಾ ಎರಡು ದಿನಾ ಎಲ್ಲಿದ್ದ?”

ನನ್ನ ಗಂಡ ವಿಜಯಮಹಾಂತೇಶ ಇಳಕಲ್ಲಿನ ಗ್ರಾನೈಟ್ ಹಾಸುವ ಕೆಲಸಕ್ಕೆ ಗುವಾಹಟಿಗೆ ಹೋಗಿದ್ದ. ಅಲ್ಲೇ ಎದೆನೋವು ಬಂದು ತೀರಿಕೊಂಡ. ಕೆಡದಂತೆ ಔಷಧಿ ಚುಚ್ಚದೆ ವಿಮಾನದಲ್ಲಿ ಶವ ಒಯ್ಯುವುದಿಲ್ಲ ಎಂದು ಫೋನಿನಲ್ಲಿ ಹೇಳಿದರು. ನಾನು ಹೂಂ ಎಂದೆ. ಆಮೇಲೆ ಪೊಲೀಸರ ಕಾಗದ, ಪೆಟ್ಟಿಗೆ, ಬೆಂಗಳೂರಿನಿಂದ ಇಲ್ಲಿಯವರೆಗೆ ಆಂಬುಲೆನ್ಸ್. ಹುನಗುಂದದ ಕಾಲೇಜಿನಲ್ಲಿ ನಾನು ಭೂಗೋಳ ಕಲಿಸುತ್ತೇನೆ. ನಕಾಶೆಯಲ್ಲಿ ಎರಡು ಊರುಗಳ ನಡುವೆ ಗೆರೆ ಎಳೆದು ದೂರ ತೆಗೆಯುವುದನ್ನು ಹೇಳಿಕೊಡುತ್ತೇನೆ.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ. ಕಾಕಾ ಅಂದಪ್ಪ ರೂಢಿಯಂತೆ ಕೂರುವವನ ಅಳತೆಗೇ ಕುಣಿ ತೋಡಿಸಿಟ್ಟಿದ್ದರು. ಬಂದದ್ದು ಉದ್ದನೆಯ ಪೆಟ್ಟಿಗೆ. ದೇಹ ಬಾಗಲಿಲ್ಲ. ಎಲ್ಲರೂ ನಿಂತು ನೋಡುತ್ತಿದ್ದಂತೆ ಮತ್ತೆ ಗುದ್ದಲಿ ತರಿಸಿ ಕುಣಿ ಉದ್ದ ಮಾಡಿಸಿದರು. ಅತ್ತೆ ಅಂದಿನಿಂದ ಅನ್ನ ಮುಟ್ಟಿಲ್ಲ.

“ನೀ ಹೂಂ ಅನಬಾರದಿತ್ತು. ಸೂಜಿ ಚುಚ್ಚಿ ಕಟಗಿ ಮಾಡಿ ಕಳಿಸ್ಯಾರ. ನನ್ನ ಮಗಗ ಕುಂದ್ರಾಕ ಆಗಲಿಲ್ಲ.”

ಮೂಲೆಯಲ್ಲಿ ಸೂಟ್‌ಕೇಸ್ ಇತ್ತು. ಗುವಾಹಟಿಗೆ ಹೋಗುವಾಗ ನನ್ನ ಗಂಡ ಹಿಂದಿನ ಓಣಿಯ ನಜಮಾಳಿಂದ ಕೇಳಿ ತಂದದ್ದು. ಅವಳ ಗಂಡ ರಮಜಾನ ಇವನ ಜೊತೆಗೇ ಕೆಲಸಕ್ಕೆ ಹೋಗಿ, ಶವದ ಜೊತೆಗೇ ಮರಳಿದ್ದ. ಸೂಟ್‌ಕೇಸ್ ಎತ್ತಿಕೊಂಡು ಹೊರಟೆ. ಅತ್ತೆಯೂ ಸೆರಗು ಹೊದ್ದು ಎದ್ದರು.

“ನಡಿ. ಅವನ್ನ ಕೇಳತೇನಿ.”

ನಜಮಾ ಬಾಗಿಲಲ್ಲೇ ಗದರಿದಳು. “ಅಯ್ಯ ಅಕ್ಕಾರ, ಅದೇನು ಓಡಿ ಹೋಗತಿತ್ತೇನ್ರಿ? ಇವತ್ತೇ ತರಬೇಕಿತ್ತಾ?”

ರಮಜಾನ ಎದ್ದು ನಿಂತ. ಅತ್ತೆ ಕೂರಲಿಲ್ಲ.

“ಮೂರು ತಾಸಿನ ಹಾದಿಗೆ ಎರಡು ದಿನಾ ಯಾಕ ಮಾಡಿದ್ಯೋ?”

“ಜೀವ ಇದ್ದವರಿಗೆ ಮೂರು ತಾಸು, ಆಯಿ. ಹೆಣಾ ಅಂದ್ರ ಅವರಿಗೆ ಸಾಮಾನು. ಸಾಮಾನಿನ ಗೇಟಿನಾಗ ಹಗಲೆಲ್ಲಾ ನಿಂತೇನಿ. ನಿಮ್ಮ ಸೊಸಿ, ವೈನಿಯವರು, ಹೂಂ ಅನ್ನದಿದ್ರ ಅಲ್ಲೇ ಬಿಟ್ಟು ಬರಬೇಕಿತ್ತು.”

“ಮಲಗಿಸಿ ಮಣ್ಣು ಮಾಡಿದ್ವಲ್ಲೋ...”

“ಅವಾ ಮಲಗಲೇ ಇಲ್ಲ, ಆಯಿ. ಎದಿನೋವಿನಾಗ ಮಲಗಿದ್ರ ಉಸಿರು ಹಿಡೀತಿತ್ತು. ಆಟೋದಾಗ ಕಾಲು ಮಡಚಿ ಕುಂತ, ನನ್ನ ಭುಜಕ್ಕ ಒರಗಿದ. ದವಾಖಾನಿ ಮುಂದ ಇಳಸಾಕ ನೋಡ್ತೇನಿ, ಕುಂತಲ್ಲೇ ಹೋಗಿದ್ದ.”

“ಖರೆ ಹೇಳು. ಇಷ್ಟು ದಿನಾ ಯಾಕ ಹೇಳಲಿಲ್ಲ?”

“ಯಾರೂ ಕೇಳಲಿಲ್ರಿ. ನನ್ನ ಮಕ್ಕಳಾಣಿ, ಖರೆ.”

ಅತ್ತೆ ಅವನ ಭುಜವನ್ನು ಮುಟ್ಟಿದರು. ಅಂಗೈ ಅಲ್ಲೇ ಇಟ್ಟುಕೊಂಡು ನಿಂತರು. ಆಮೇಲೆ ಹೊಸ್ತಿಲಲ್ಲಿ ಕೂತು ನೀರು ಕೇಳಿದರು. ನಜಮಾ ನೀರಿನ ಜೊತೆ ರೊಟ್ಟಿಯನ್ನೂ ತಂದಳು. ಅತ್ತೆ ಅದನ್ನು ಮುರಿದು ಅರ್ಧ ನನ್ನ ಕಡೆ ಚಾಚಿದರು.

“ನೀನೂ ಉಂಡಿಲ್ಲ. ತಿನ್ನವಾ.”

ತಿಂದೆ. ಹಿಡಿಕೆಗೆ ಅಂಟಿದ್ದ ವಿಮಾನದ ಚೀಟಿಯನ್ನು ಕಿತ್ತು ಸೂಟ್‌ಕೇಸನ್ನು ನಜಮಾಳ ಮುಂದಿಟ್ಟೆ.

“ಒಂದು ಗಾಲಿ ಮುರದೈತಿ.”

“ಅದು ಮೊದ್ಲೇ ಮುರದಿತ್ರಿ,” ಎಂದು ಅವಳು ಅದನ್ನು ಒಳಗೆ ಒಯ್ದಳು.